ಬರಕ್ಕೆ ಬಗ್ಗದ ತಂಗಡಿ



ಚಳ್ಳಕೆರೆ, ಪಾವಗಡ, ಕೂಡ್ಲಿಗಿ ಕಡೆಗೆ ಬಸ್ಸಿನಲ್ಲಿ ಹೋಗಿದ್ದೀರಾ? ಮಳೆಗಾಲ ಮುಗಿಯುತ್ತಾ ಬಂದಾಗ ಕಿಟಕಿಯಿಂದ ಹೊರಗೆ ನೋಡಿ. ಕಲ್ಲು ನೆಲ. ಕೆಂಪು ಮಣ್ಣು. ಅಲ್ಲೊಂದು ಇಲ್ಲೊಂದು ಜಾಲಿ ಮರ. ಅದರ ನಡುವೆ ಸಾಲು ಸಾಲಾಗಿ ಹಳದಿ ಹೂವು ಬಿಟ್ಟ ಗಿಡಗಳು. ಬಂಗಾರ ಚೆಲ್ಲಿದ ಹಾಗೆ ಕಾಣುತ್ತವೆ.

ಆ ಗಿಡವೇ ತಂಗಡಿ.

ಕೆಲವು ಊರಲ್ಲಿ ತಂಗಟೆ ಅಂತಾರೆ. ಕೆಲವು ಕಡೆ ಆವರಿಕೆ ಅಂತಾರೆ. ಹೊನ್ನಾವರಿಕೆ ಅನ್ನುವವರೂ ಇದ್ದಾರೆ. ಹೊನ್ನು ಅಂದರೆ ಚಿನ್ನ. ಹೂವಿನ ಬಣ್ಣ ನೋಡಿಯೇ ನಮ್ಮ ಹಿರಿಯರು ಆ ಹೆಸರು ಇಟ್ಟಿರಬೇಕು. ತೆಲುಗಿನಲ್ಲಿ ತಂಗೇಡು, ತಮಿಳಿನಲ್ಲಿ ಆವಾರಂ.

ಈ ಗಿಡವನ್ನು ಯಾರೂ ನೆಡುವುದಿಲ್ಲ. ಯಾರೂ ನೀರು ಹಾಕುವುದಿಲ್ಲ. ಆದ್ದರಿಂದ ಯಾರೂ ಲೆಕ್ಕಕ್ಕೂ ಇಡುವುದಿಲ್ಲ. "ಅದೇನು, ಕಾಡು ಗಿಡ" ಅಂದುಬಿಡುತ್ತೇವೆ. ಆದರೆ ಈ ಕಾಡು ಗಿಡ ನೂರಾರು ವರ್ಷ ನಮ್ಮ ಹೊಲಕ್ಕೆ ಗೊಬ್ಬರ ಕೊಟ್ಟಿದೆ. ಕಾಲಿಗೆ ಮೆಟ್ಟು ಕೊಟ್ಟಿದೆ. ಹಬ್ಬಕ್ಕೆ ಹೂವು ಕೊಟ್ಟಿದೆ. ಇದರ ಕತೆ ತಿಳಿಯೋಣ. ಇದನ್ನು ಹೋಲುವ ಒಂದು ವಿಷದ ಗಿಡವೂ ಇದೆ. ಅದರ ಗುರುತನ್ನೂ ತಿಳಿಯೋಣ. ಅದು ನಮ್ಮ ಮಕ್ಕಳ ಜೀವದ ಮಾತು.

ಗುರುತು ಹಿಡಿಯುವುದು ಹೇಗೆ?

ತಂಗಡಿ ದೊಡ್ಡ ಮರವಲ್ಲ. ಪೊದೆಯಂತೆ ಬೆಳೆಯುವ ಗಿಡ. ನಮ್ಮ ಸೊಂಟದ ಎತ್ತರ, ಎದೆ ಎತ್ತರ ಇರುತ್ತದೆ. ಕೆಲವು ಕಡೆ ಆಳೆತ್ತರವೂ ಆಗುತ್ತದೆ. ಬುಡದಿಂದಲೇ ಕೊಂಬೆಗಳು ಒಡೆಯುತ್ತವೆ. ತೊಗಟೆ ಕಂದು ಬಣ್ಣ. ಮುಟ್ಟಿದರೆ ನುಣುಪು.

ಎಲೆ ನೋಡಿ. ಒಂದು ಕಡ್ಡಿಯ ಎರಡೂ ಕಡೆ ಸಣ್ಣ ಸಣ್ಣ ಎಲೆಗಳು ಜೋಡಿ ಜೋಡಿಯಾಗಿ ಇರುತ್ತವೆ. ಹುಣಸೆ ಎಲೆ ಇರುವುದಿಲ್ಲವೇ, ಹಾಗೆ. ಆದರೆ ಹುಣಸೆಗಿಂತ ಸ್ವಲ್ಪ ದೊಡ್ಡದು. ಒಂದು ಕಡ್ಡಿಗೆ ಸಾಮಾನ್ಯವಾಗಿ 8 ರಿಂದ 12 ಜೋಡಿ ಎಲೆ. ಎಲೆಯ ತುದಿ ದುಂಡಗೆ ಇರುತ್ತದೆ.

ಈಗ ಎಲೆಯ ಕಡ್ಡಿ ಕೊಂಬೆಗೆ ಸೇರುವ ಜಾಗ ನೋಡಿ. ಅಲ್ಲಿ ಕಿವಿಯ ಆಕಾರದ ಎರಡು ಪುಟ್ಟ ಎಲೆಗಳು ಅಂಟಿಕೊಂಡಿರುತ್ತವೆ. ಇದು ತಂಗಡಿಯ ಖಾತ್ರಿ ಗುರುತು. ಲಿನೇಯಸ್ ಎಂಬ ಸಸ್ಯ ವಿಜ್ಞಾನಿ 1753ರಲ್ಲಿ ಈ ಗಿಡಕ್ಕೆ ಹೆಸರಿಟ್ಟಾಗ "ಆರಿಕ್ಯುಲೇಟಾ" ಎಂಬ ಪದ ಸೇರಿಸಿದ. ಅಂದರೆ "ಕಿವಿ ಇರುವುದು" ಎಂದು ಅರ್ಥ. ದೂರದ ಸ್ವೀಡನ್ ದೇಶದ ಪಂಡಿತನಿಗೂ ಮೊದಲು ಕಣ್ಣಿಗೆ ಬಿದ್ದದ್ದು ಈ ಕಿವಿಯೇ.

ಹೂವಿಗೆ 5 ಎಸಳು. ಅಗಲ ಸುಮಾರು ಎರಡು ಅಂಗುಲ. ಅಚ್ಚ ಹಳದಿ. ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಬಿಡುತ್ತದೆ. ಕಾಯಿ ಚಪ್ಪಟೆ. ಒಣಗಿದಾಗ ಕಾಗದದ ಹಾಗೆ ತೆಳ್ಳಗೆ, ಕಂದು ಬಣ್ಣ. ಒಳಗೆ ಹತ್ತರಿಂದ ಇಪ್ಪತ್ತು ಬೀಜ ಇರುತ್ತದೆ.

ಅವರೆ, ತೊಗರಿ, ಕಡಲೆ, ಹುಣಸೆ ಇವೆಲ್ಲ ಇದರ ಬಳಗವೇ.

ನೀರಿಲ್ಲದೆ ಹೇಗೆ ಬದುಕುತ್ತದೆ?

ಭಾರತ, ಶ್ರೀಲಂಕಾ, ಬರ್ಮಾ ದೇಶಗಳ ಒಣ ನೆಲವೇ ತಂಗಡಿಯ ತವರು. ಹೊರಗಿನಿಂದ ಬಂದ ಗಿಡವಲ್ಲ. ಚಿತ್ರದುರ್ಗ, ಬಳ್ಳಾರಿ, ರಾಯಚೂರು, ತುಮಕೂರು, ಕೋಲಾರ, ಚಾಮರಾಜನಗರ ಹೀಗೆ ಮಳೆ ಕಡಿಮೆ ಇರುವ ಜಿಲ್ಲೆಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಜೋಳ, ಸಜ್ಜೆ ಒಣಗುವ ವರ್ಷದಲ್ಲೂ ತಂಗಡಿ ಹಸಿರಾಗಿ ನಿಂತಿರುತ್ತದೆ. ಹೇಗೆ?

ಮೊದಲನೆಯದು ಬೇರು. ತಾಯಿ ಬೇರು ಆಳಕ್ಕೆ ಇಳಿಯುತ್ತದೆ. ಮೇಲಿನ ಮಣ್ಣು ಒಣಗಿದರೂ ಕೆಳಗಿನ ತೇವ ಸಿಗುತ್ತದೆ.

ಎರಡನೆಯದು ಎಲೆ. ದನ ಕುರಿಗಳಿಗೆ ಈ ಸೊಪ್ಪು ರುಚಿಸುವುದಿಲ್ಲ. ಸುತ್ತಲಿನ ಹುಲ್ಲನ್ನೆಲ್ಲ ಮೇಯುತ್ತವೆ, ತಂಗಡಿಯನ್ನು ಬಿಟ್ಟು ಮುಂದೆ ಹೋಗುತ್ತವೆ. ಅದಕ್ಕೇ ಬೇಲಿಗೆ ಇದು ಒಳ್ಳೆಯ ಗಿಡ.

ಮೂರನೆಯದು ಬುಡ. ಕೊಂಬೆ ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಬುಡ ಕಿತ್ತರೆ ಮಾತ್ರ ಸಾಯುತ್ತದೆ.

ನಾಲ್ಕನೆಯದು ಬೀಜ. ಬೀಜದ ಸಿಪ್ಪೆ ಬಹಳ ಗಟ್ಟಿ. ಒಂದು ಮಳೆಗೆ ಎಲ್ಲ ಬೀಜವೂ ಮೊಳೆಯುವುದಿಲ್ಲ. ಕೆಲವು ಮಣ್ಣಿನಲ್ಲಿ ಹಾಗೇ ಕಾದಿರುತ್ತವೆ. ಮೊದಲ ಮಳೆ ಬಂದು ಕೈಕೊಟ್ಟರೆ ಮೊಳೆತ ಸಸಿ ಒಣಗಬಹುದು. ಆದರೆ ಕಾದಿದ್ದ ಬೀಜ ಮುಂದಿನ ಮಳೆಗೆ ಏಳುತ್ತದೆ. ಮನೆಯಲ್ಲಿ ನಾವು ಕಾಳನ್ನೆಲ್ಲ ಒಂದೇ ಸಲ ಬೇಯಿಸದೆ ಒಂದಿಷ್ಟು ಮಡಕೆಯಲ್ಲಿ ಉಳಿಸುವುದಿಲ್ಲವೇ? ಅದೇ ಲೆಕ್ಕ.

ಹೂವಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ "ಗುಂಯ್" ಅನ್ನುವ ಸದ್ದು ಕೇಳುತ್ತದೆ. ದಪ್ಪ ಕರಿ ದುಂಬಿ ಬಂದಿರುತ್ತದೆ. ಈ ಹೂವಿನಲ್ಲಿ ಜೇನು ಇಲ್ಲ. ಹೂಪುಡಿ ಮಾತ್ರ ಇದೆ. ಆ ಪುಡಿ ಪುಟ್ಟ ಚೀಲಗಳಲ್ಲಿ ತುಂಬಿರುತ್ತದೆ. ಚೀಲದ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ದುಂಬಿ ಹೂವನ್ನು ತಬ್ಬಿ ಮೈ ನಡುಗಿಸುತ್ತದೆ. ಆಗ ಜರಡಿಯಿಂದ ಹಿಟ್ಟು ಉದುರಿದ ಹಾಗೆ ಹೂಪುಡಿ ಉದುರುತ್ತದೆ. ಅದು ದುಂಬಿಯ ಮೈಗೆ ಅಂಟಿ ಇನ್ನೊಂದು ಹೂವಿಗೆ ಹೋಗುತ್ತದೆ. ಆಗಲೇ ಕಾಯಿ ಕಟ್ಟುವುದು. ದುಂಬಿ ಇಲ್ಲದಿದ್ದರೆ ಬೀಜವೂ ಕಡಿಮೆ, ಹೊಸ ಗಿಡವೂ ಕಡಿಮೆ.

ಬಡವರ ಹಬ್ಬದ ಹೂವು

ದಾವಣಗೆರೆ, ಚಿತ್ರದುರ್ಗ ಕಡೆಯ ಅಕ್ಕಂದಿರಿಗೆ ಇದು ಹೊಸ ಮಾತಲ್ಲ. ದೀಪಾವಳಿ ಬಂತು ಅಂದರೆ ಸಂತೆಯಲ್ಲಿ ತಂಗಟೆ ಹೂವು, ಉತ್ತರಾಣಿ ಕಡ್ಡಿ ಬರುತ್ತವೆ. ದುಡ್ಡು ಕೊಟ್ಟು ಸೇವಂತಿಗೆ ತರಲಾಗದ ಮನೆಗೂ ತಂಗಡಿ ಹೂವು ಸಿಗುತ್ತದೆ. ಹೊಲದ ಬದುವಿಗೆ ಹೋಗಿ ಕಿತ್ತು ತಂದರಾಯಿತು.

ನಮ್ಮ ರಾಯಚೂರು, ಯಾದಗಿರಿ ಜಿಲ್ಲೆಗಳ ಪಕ್ಕದ ತೆಲಂಗಾಣದಲ್ಲಿ ಈ ಹೂವಿಗೆ ಇನ್ನೂ ದೊಡ್ಡ ಮರ್ಯಾದೆ. ಅಲ್ಲಿ ಬತುಕಮ್ಮ ಎಂಬ ಹಬ್ಬ ಇದೆ. ಇದು ಹೆಂಗಸರ ಹಬ್ಬ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ನಡೆಯುತ್ತದೆ. ತಟ್ಟೆಯ ಮೇಲೆ ತಂಗಡಿ ಹೂವು, ಅಣ್ಣೆ ಹೂವು, ಚೆಂಡು ಹೂವನ್ನು ಸುತ್ತಾಗಿ ಜೋಡಿಸುತ್ತಾರೆ. ಸುತ್ತಿನ ಮೇಲೆ ಸುತ್ತು ಬಂದು ಗೋಪುರದಂತೆ ಆಗುತ್ತದೆ. ಅದನ್ನು ನಡುವೆ ಇಟ್ಟು ಹೆಂಗಸರು ಚಪ್ಪಾಳೆ ತಟ್ಟುತ್ತಾ ಹಾಡುತ್ತಾರೆ. ಆಮೇಲೆ ಕೆರೆಯಲ್ಲಿ ತೇಲಿ ಬಿಡುತ್ತಾರೆ. ತೆಲುಗಿನ "ಬತುಕು" ಅಂದರೆ ನಮ್ಮ "ಬದುಕು". ಬತುಕಮ್ಮ ಅಂದರೆ ಬದುಕಮ್ಮ.

2014ರ ಜೂನ್ 2ರಂದು ತೆಲಂಗಾಣ ಬೇರೆ ರಾಜ್ಯವಾಯಿತು. ಅದೇ ವರ್ಷ ಅಲ್ಲಿನ ಸರ್ಕಾರ ತಂಗಡಿ ಹೂವನ್ನು ರಾಜ್ಯದ ಹೂವು ಎಂದು ಸಾರಿತು. ಕಮಲ ನಮ್ಮ ಕರ್ನಾಟಕದ ಹೂವು. ಕಮಲಕ್ಕೆ ಕೆರೆ ತುಂಬಾ ನೀರು ಬೇಕು. ತಂಗಡಿಗೆ ಕಲ್ಲು ನೆಲ ಸಾಕು.

ತಮಿಳುನಾಡಿನ ಕೊಯಮತ್ತೂರು, ಈರೋಡು ಕಡೆ ಪೊಂಗಲ್ ಹಬ್ಬದ ಹಿಂದಿನ ದಿನ ತಂಗಡಿ ಹೂವು, ಬೇವಿನ ಸೊಪ್ಪು ಸೇರಿಸಿ ಮನೆಯ ಸೂರಿಗೆ ಕಟ್ಟುತ್ತಾರೆ. ಮನೆಗೆ ಕೆಡುಕು ಬಾರದಿರಲಿ ಎಂಬುದು ಅವರ ನಂಬಿಕೆ.

ತೊಗಲು ಹದ ಮಾಡಿದ ತೊಗಟೆ

ತಂಗಡಿಯ ತೊಗಟೆಯನ್ನು ನಾಲಿಗೆಗೆ ತಾಗಿಸಿದರೆ ಬಾಯಿ ಒಗರು ಒಗರಾಗುತ್ತದೆ. ಎಳೆ ಅಡಿಕೆ ಅಗಿದಾಗ ಆಗುವುದಿಲ್ಲವೇ, ಹಾಗೆ. ಈ ಒಗರಿಗೆ ಟ್ಯಾನಿನ್ ಎಂದು ಹೆಸರು. 100 ಕಿಲೋ ಒಣ ತೊಗಟೆಯಲ್ಲಿ ಸುಮಾರು 18 ಕಿಲೋ ಟ್ಯಾನಿನ್ ಇರುತ್ತದೆ.

ಹಸಿ ತೊಗಲನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಸೆಟೆದು ಹಲಗೆಯಾಗುತ್ತದೆ. ತಂಗಡಿ ತೊಗಟೆ ಹಾಕಿದ ನೀರಿನಲ್ಲಿ ದಿನಗಟ್ಟಲೆ ನೆನೆಸಿದರೆ ಈ ಒಗರು ತೊಗಲಿನ ಒಳಗೆ ಇಳಿಯುತ್ತದೆ. ಆಗ ತೊಗಲು ಕೊಳೆಯುವುದಿಲ್ಲ. ಮೆತ್ತಗೆ, ಗಟ್ಟಿಯಾಗಿ ಉಳಿಯುತ್ತದೆ. ಮೆಟ್ಟು, ಬಾರುಕೋಲು, ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ ಎಲ್ಲವೂ ಹೀಗೆ ಹದವಾದ ತೊಗಲಿನಿಂದಲೇ ಆಗುತ್ತಿದ್ದವು.

ದಕ್ಷಿಣ ಭಾರತದಲ್ಲಿ ತಂಗಡಿ ತೊಗಟೆಯಿಂದ ಹದ ಮಾಡಿದ ತೊಗಲು ಮದರಾಸು ಬಂದರಿನಿಂದ ಇಂಗ್ಲೆಂಡಿಗೂ ಹೋಗುತ್ತಿತ್ತು. 1914ರಿಂದ 1918ರವರೆಗೆ ಮೊದಲ ಮಹಾಯುದ್ಧ ನಡೆಯಿತು. ಆಗ ಬ್ರಿಟಿಷ್ ಸಿಪಾಯಿಗಳ ಬೂಟಿಗೂ ಈ ತೊಗಲು ಬೇಕಾಯಿತು.

ಈ ಕೆಲಸ ಮಾಡಿದವರು ಯಾರು? ಊರ ಹೊರಗೆ ಇಟ್ಟ ಜನ. ಅವರ ಕೈಯಲ್ಲಿ ದೊಡ್ಡ ವಿದ್ಯೆ ಇತ್ತು. ಯಾವ ತೊಗಟೆ, ಎಷ್ಟು ನೀರು, ಎಷ್ಟು ದಿನ ಎಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಅವರು ಮಾಡಿದ ಮೆಟ್ಟು ಎಲ್ಲರಿಗೂ ಬೇಕಿತ್ತು. ಆದರೆ ಅವರನ್ನು ಮುಟ್ಟಲು ಯಾರೂ ಒಪ್ಪಲಿಲ್ಲ. ವಿದ್ಯೆಯನ್ನು ಬಳಸಿಕೊಂಡು ವಿದ್ಯೆ ಬಲ್ಲವರನ್ನು ದೂರ ಇಟ್ಟದ್ದು ನಮ್ಮ ಸಮಾಜದ ತಪ್ಪು. ತಂಗಡಿಯ ಕತೆ ಹೇಳುವಾಗ ಅದನ್ನೂ ಹೇಳಬೇಕು.

ಮುಂದೆ ಬೇರೆ ದೇಶದ ಮರದ ತೊಗಟೆ ಬಂತು. ಆಮೇಲೆ ಕ್ರೋಮ್ ಎಂಬ ರಾಸಾಯನಿಕ ಬಂತು. ಕೆಲಸ ಬೇಗ ಆಗತೊಡಗಿತು. ಆದರೆ ಕಾರ್ಖಾನೆಯ ಕೊಳಕು ನೀರು ಹೊಳೆಗೆ, ಬಾವಿಗೆ ಸೇರಿತು. ತಮಿಳುನಾಡಿನ ಪಾಲಾರ್ ನದಿ ಹೀಗೆ ಕೆಟ್ಟಿತು. ಜನ ನ್ಯಾಯಾಲಯಕ್ಕೆ ಹೋದರು. 1996ರಲ್ಲಿ ಸುಪ್ರೀಂ ಕೋರ್ಟು ನೀರು ಕೆಡಿಸಿದವರೇ ನಷ್ಟ ತುಂಬಿಕೊಡಬೇಕು ಎಂದು ತೀರ್ಪು ಕೊಟ್ಟಿತು.

ಹೊಲಕ್ಕೆ ಗೊಬ್ಬರ, ಮನೆಗೆ ಆಸರೆ

ಹೊಂಗೆ ಸೊಪ್ಪಿನ ಹಾಗೆ ತಂಗಡಿ ಸೊಪ್ಪೂ ಒಳ್ಳೆಯ ಹಸಿರೆಲೆ ಗೊಬ್ಬರ. ಗದ್ದೆ ಇರುವವರು ಎಳೆಯ ಕೊಂಬೆಗಳನ್ನು ಕಡಿದು ಕೆಸರಿನಲ್ಲಿ ಹರಡಿ ತುಳಿಯುತ್ತಾರೆ. ಎರಡು ಮೂರು ವಾರ ಕೊಳೆಯಲು ಬಿಟ್ಟು ನಾಟಿ ಮಾಡುತ್ತಾರೆ. ಚೌಳು ಮಣ್ಣಿಗೆ ಈ ಸೊಪ್ಪು ಹಾಕುವುದು ಹಳೆಯ ಪದ್ಧತಿ. ಬರೀ ಹೊಲ ಇರುವವರು ತಿಪ್ಪೆಗೆ ಹಾಕಿ ಸಗಣಿಯ ಜೊತೆ ಕೊಳೆಸಬಹುದು. ಅಂಗಡಿ ಗೊಬ್ಬರಕ್ಕೆ ಸಾಲ ಮಾಡುವ ಬಡ ರೈತಳಿಗೆ ಇದು ಪುಕ್ಕಟೆ ಗೊಬ್ಬರ.

ಒಂದು ಮಾತು. ಸೊಪ್ಪು ಕಡಿಯುವುದು, ಹೊರೆ ಕಟ್ಟುವುದು, ತಲೆ ಮೇಲೆ ಹೊರುವುದು ಹೆಚ್ಚಾಗಿ ಹೆಂಗಸರೇ. ಬೇರೆಯವರ ಹೊಲಕ್ಕೆ ಹೊತ್ತರೆ ಅದು ಕೂಲಿ ಕೆಲಸ. ಕೂಲಿ ಕೇಳಬೇಕು.

ಎಳೆಯ ಕಡ್ಡಿ ಹಲ್ಲುಜ್ಜಲು ಆಗುತ್ತದೆ. ಒಣಗಿದ ಕೊಂಬೆ ಒಲೆಗೆ ಆಗುತ್ತದೆ. ಹೂವನ್ನು ನೆರಳಿನಲ್ಲಿ ಒಣಗಿಸಿ, ಹೆಸರುಕಾಳಿನ ಜೊತೆ ಪುಡಿ ಮಾಡಿ ಮೈಗೆ ಹಚ್ಚಿ ಸ್ನಾನ ಮಾಡುವ ಪದ್ಧತಿ ಇದೆ. ಶ್ರೀಲಂಕಾದಲ್ಲಿ ಇದೇ ಗಿಡಕ್ಕೆ ರಣವರ ಎಂದು ಹೆಸರು. ಅಲ್ಲಿ ಒಣ ಹೂವು ಹಾಕಿ ಚಹಾದಂತೆ ಕುದಿಸಿ ಕುಡಿಯುತ್ತಾರೆ.

ಸಕ್ಕರೆ ಕಾಯಿಲೆಗೆ ಇದು ಮದ್ದೇ?

ಈಗ ಊರೂರಲ್ಲೂ ಸಕ್ಕರೆ ಕಾಯಿಲೆ. "ತಂಗಡಿ ಹೂವು ಕುಡಿದರೆ ಸಕ್ಕರೆ ಇಳಿಯುತ್ತೆ" ಎಂಬ ಮಾತೂ ಊರೂರಲ್ಲಿ ಇದೆ. ಒಂದು ಮನೆ ಎಂದುಕೊಳ್ಳಿ. ಅತ್ತೆ ಸೊಸೆ ಮಾತಾಡುತ್ತಿದ್ದಾರೆ.

ಅತ್ತೆ: ಈ ಮಾತ್ರೆ ನುಂಗಿ ನುಂಗಿ ಸಾಕಾಯ್ತು ಕಣವ್ವಾ. ನಾಳೆಯಿಂದ ಮಾತ್ರೆ ಬಿಟ್ಟು ತಂಗಡಿ ಹೂವಿನ ಕಷಾಯ ಕುಡೀತೀನಿ.

ಸೊಸೆ: ಬೇಡಿ ಅತ್ತೆಮ್ಮ. ಮಾತ್ರೆ ಬಿಡಬೇಡಿ.

ಅತ್ತೆ: ಯಾಕೆ? ನಮ್ಮ ಹಿರಿಯರು ಕುಡೀತಿರಲಿಲ್ವಾ?

ಸೊಸೆ: ಕುಡೀತಿದ್ರು. ಆದ್ರೆ ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಎಷ್ಟು ಇಳೀತು ಅಂತ ನೋಡ್ತಿದ್ರಾ?

ಅತ್ತೆ: ಅದೆಲ್ಲಿತ್ತು ಆಗ?

ಸೊಸೆ: ಅದಕ್ಕೇ ಹೇಳಿದ್ದು. ನಾಳೆ ಆಸ್ಪತ್ರೆಗೆ ಹೋದಾಗ ಡಾಕ್ಟರನ್ನೇ ಕೇಳೋಣ. ನಾನೂ ಬರ್ತೀನಿ.

ಸೊಸೆ ಹೇಳಿದ್ದು ಸರಿ. ಆಯುರ್ವೇದ, ಸಿದ್ಧ ವೈದ್ಯದಲ್ಲಿ ಈ ಗಿಡದ ಬಳಕೆ ಇದೆ. ಇಲಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಹೂವಿನ ಸತ್ವ ಸಕ್ಕರೆಯನ್ನು ಇಳಿಸಿದ್ದೂ ಉಂಟು. ಆದರೆ ಇಲಿಗೆ ಆದದ್ದು ಮನುಷ್ಯರಿಗೂ ಅಷ್ಟೇ ಆಗುತ್ತದೆ ಎಂದು ಹೇಳಲು ಬರುವುದಿಲ್ಲ.

ಮಾತ್ರೆ ಬಿಟ್ಟರೆ ಸಕ್ಕರೆ ಏರುತ್ತದೆ. ಅದು ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಕಾಲಿನ ನರ ಎಲ್ಲವನ್ನೂ ಕೆಡಿಸುತ್ತದೆ. ಮಾತ್ರೆಯ ಜೊತೆಗೆ ಕಷಾಯವನ್ನೂ ಕುಡಿದರೆ ಕೆಲವರಿಗೆ ಸಕ್ಕರೆ ತೀರಾ ಇಳಿಯಬಹುದು. ಆಗ ಬೆವರು ಬರುತ್ತದೆ, ಕೈ ನಡುಗುತ್ತದೆ, ತಲೆ ತಿರುಗುತ್ತದೆ. ಹಾಗಾದರೆ ತಕ್ಷಣ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಇನ್ನೊಂದು ವಿಷಯ. 1981ರಲ್ಲಿ ಶ್ರೀಲಂಕಾದ ವಿಜ್ಞಾನಿಗಳು ಅಲ್ಲಿನ ಮದ್ದಿನ ಗಿಡಗಳನ್ನು ಪರೀಕ್ಷೆ ಮಾಡಿದರು. ಲಿವರನ್ನು ಕೆಡಿಸಬಲ್ಲ ಒಂದು ಬಗೆಯ ವಸ್ತು ತಂಗಡಿಯಲ್ಲೂ ಇದೆ ಎಂದು ಬರೆದರು. ಆದ್ದರಿಂದ ಹೂವು ತಾನೇ ಎಂದು ದಿನವೂ ಲೋಟಗಟ್ಟಲೆ ಕುಡಿಯುವುದು ಒಳ್ಳೆಯದಲ್ಲ. ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳು ವೈದ್ಯರನ್ನು ಕೇಳದೆ ಕುಡಿಯಲೇಬಾರದು.

ಎಚ್ಚರ! ಹೋಲುವ ವಿಷದ ಗಿಡ

ತಂಗಡಿಯ ಬಳಗದಲ್ಲೇ ಇನ್ನೊಂದು ಗಿಡ ಇದೆ. ಅದಕ್ಕೆ ದೊಡ್ಡ ತಗಚೆ ಎನ್ನುತ್ತಾರೆ. ಇದೂ ಹಳದಿ ಹೂವು ಬಿಡುತ್ತದೆ. ಮಳೆಗಾಲದಲ್ಲಿ ತಿಪ್ಪೆಯ ಪಕ್ಕ, ರಸ್ತೆ ಬದಿ, ಹಾಳು ಮನೆಯ ಹತ್ತಿರ ಏಳುತ್ತದೆ. ಇದರ ಬೀಜ ಮಕ್ಕಳಿಗೆ ವಿಷ.

ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಎಷ್ಟೋ ವರ್ಷ ಮಳೆಗಾಲ ಮುಗಿದ ಮೇಲೆ ಚಿಕ್ಕ ಮಕ್ಕಳು ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದು ಸಾಯುತ್ತಿದ್ದರು. ವಾಂತಿ ಆಗುತ್ತಿತ್ತು. ಆಮೇಲೆ ಎಚ್ಚರ ತಪ್ಪುತ್ತಿತ್ತು. ಇದು ಮೆದುಳು ಜ್ವರ ಎಂದೇ ಎಲ್ಲರೂ ತಿಳಿದಿದ್ದರು. ವೈದ್ಯರು ಮಕ್ಕಳ ತಾಯಂದಿರ ಹತ್ತಿರ ಕೂತು ಕೇಳಿದರು. ಮಕ್ಕಳು ಆಟವಾಡುವಾಗ ಈ ಗಿಡದ ಕಾಯಿ ಬಿಡಿಸಿ ಬೀಜ ತಿಂದಿದ್ದು ಗೊತ್ತಾಯಿತು. 2007ರಲ್ಲಿ ವೈದ್ಯರು ಈ ವಿಷಯವನ್ನು ಬರೆದು ಪ್ರಕಟಿಸಿದರು. ಈ ಬೀಜ ಲಿವರು, ಮಾಂಸಖಂಡ, ಮೆದುಳು ಮೂರನ್ನೂ ಕೆಡಿಸುತ್ತದೆ.

2016ರಲ್ಲಿ ಒಡಿಶಾ ರಾಜ್ಯದ ಮಲ್ಕಾನ್‌ಗಿರಿ ಜಿಲ್ಲೆಯಲ್ಲೂ ಅನೇಕ ಮಕ್ಕಳು ಸತ್ತರು. ಅಲ್ಲಿ ಮೆದುಳು ಜ್ವರವೂ ಇತ್ತು. ಅದರ ಜೊತೆಗೆ ಈ ಗಿಡದ ಬೀಜವೂ ಕಾರಣ ಎಂದು ತಜ್ಞರು ಹೇಳಿದರು.

ಎರಡು ಗಿಡಗಳ ವ್ಯತ್ಯಾಸ ಹೀಗಿದೆ. ಇದನ್ನು ಜೋರಾಗಿ ಓದಿ. ಪಕ್ಕದವರಿಗೂ ಓದಿ ಹೇಳಿ.

ತಂಗಡಿ ವರ್ಷಗಟ್ಟಲೆ ಬದುಕುವ ಗಟ್ಟಿ ಪೊದೆ.
ದೊಡ್ಡ ತಗಚೆ ಮಳೆಗೆ ಹುಟ್ಟುವ ಮೆದು ಗಿಡ. ಮಳೆ ಹೋದ ಮೇಲೆ ಸಾಮಾನ್ಯವಾಗಿ ಒಣಗುತ್ತದೆ.

ತಂಗಡಿಗೆ 8 ರಿಂದ 12 ಜೋಡಿ ಎಲೆ. ಎಲೆಯ ತುದಿ ದುಂಡಗೆ.
ದೊಡ್ಡ ತಗಚೆಗೆ ನಾಲ್ಕೈದು ಜೋಡಿ ಎಲೆ. ಎಲೆಯ ತುದಿ ಚೂಪು.

ತಂಗಡಿಯ ಎಲೆಯ ಬುಡದಲ್ಲಿ ಕಿವಿ ಇದೆ.
ದೊಡ್ಡ ತಗಚೆಗೆ ಅಂಥ ಕಿವಿ ಇಲ್ಲ.

ದೊಡ್ಡ ತಗಚೆಯ ಎಲೆಯನ್ನು ಕೈಯಲ್ಲಿ ಉಜ್ಜಿದರೆ ಕೆಟ್ಟ ವಾಸನೆ ಬರುತ್ತದೆ.

ತಂಗಡಿಯ ಕಾಯಿ ಅಗಲ, ಕಾಗದದಂತೆ ತೆಳು.
ದೊಡ್ಡ ತಗಚೆಯ ಕಾಯಿ ಉದ್ದ, ಸಪೂರ, ಸ್ವಲ್ಪ ಬಾಗಿರುತ್ತದೆ.

ಮನೆಯ ಸುತ್ತ, ಅಂಗನವಾಡಿಯ ಸುತ್ತ, ಶಾಲೆಯ ಸುತ್ತ ದೊಡ್ಡ ತಗಚೆ ಇದ್ದರೆ ಕಾಯಿ ಕಟ್ಟುವ ಮೊದಲೇ ಬೇರುಸಹಿತ ಕಿತ್ತು ಹಾಕಿ. ಯಾವುದೇ ಕಾಡು ಗಿಡದ ಕಾಳು ತಿನ್ನಬಾರದು ಎಂದು ಮಕ್ಕಳಿಗೆ ಹೇಳಿಕೊಡಿ. ಮಗು ತಿಂದಿದೆ ಎಂದು ಅನುಮಾನ ಬಂದರೂ ಸಾಕು. ತಡ ಮಾಡಬೇಡಿ. ಆ ಗಿಡದ ಒಂದು ಕೊಂಬೆಯನ್ನೂ ಹಿಡಿದುಕೊಂಡು ಮಗುವನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತಂಗಡಿ ಉಳಿಯಬೇಕಾದರೆ

ಮೊದಲು ಊರಿಗೊಂದು ಗೋಮಾಳ ಇರುತ್ತಿತ್ತು. ಹೊಲಗಳಿಗೆ ಅಗಲವಾದ ಬದು ಇರುತ್ತಿತ್ತು. ತಂಗಡಿ ಇದ್ದದ್ದು ಅಲ್ಲೇ. ಎಷ್ಟೋ ಕಡೆ ಈಗ ಗೋಮಾಳ ಒತ್ತುವರಿಯಾಗಿದೆ. ಬದುವನ್ನು ಕೆತ್ತಿ ಹೊಲಕ್ಕೆ ಸೇರಿಸಿದ್ದಾರೆ. ರಸ್ತೆ ಅಗಲ ಮಾಡುವಾಗ ಪೊದೆಗಳನ್ನು ಬುಡಸಹಿತ ಕೀಳುತ್ತಾರೆ. ಗೋಮಾಳ ಹೋದರೆ ದೊಡ್ಡ ರೈತನಿಗೆ ನಷ್ಟ ಕಡಿಮೆ. ಆಡು ಸಾಕಿದವಳಿಗೆ, ಸೌದೆ ಆರಿಸುವವಳಿಗೆ, ಸೊಪ್ಪು ತರುವವಳಿಗೆ ನಷ್ಟ ಹೆಚ್ಚು.

ನಾವು ಮಾಡಬಹುದಾದ ಕೆಲಸಗಳು ಇವು:

ಸೊಪ್ಪು ಬೇಕಾದರೆ ಕೊಂಬೆ ಕಡಿಯಿರಿ, ಬುಡ ಕೀಳಬೇಡಿ. ಒಂದೇ ಗಿಡವನ್ನು ಬೋಳು ಮಾಡಬೇಡಿ.

ಹೂವು ಕೀಳುವಾಗ ಎಲ್ಲವನ್ನೂ ಕೀಳಬೇಡಿ. ಒಂದಿಷ್ಟು ಹೂವು ಕಾಯಿಯಾಗಲಿ. ದುಂಬಿಗೂ ಪಾಲು ಇರಲಿ.

ಒಣ ಕಾಯಿಯಿಂದ ಬೀಜ ಬಿಡಿಸಿ ಇಟ್ಟುಕೊಳ್ಳಿ. ಬಿಸಿ ನೀರು ಸುರಿದು, ಅದೇ ನೀರಿನಲ್ಲಿ ಒಂದು ರಾತ್ರಿ ನೆನೆಯಲು ಬಿಡಿ. ಗಟ್ಟಿ ಸಿಪ್ಪೆ ಮೆತ್ತಗಾಗುತ್ತದೆ. ಮಳೆ ಬಿದ್ದ ಮೇಲೆ ಬದುವಿನ ಮೇಲೆ, ಬೇಲಿ ಸಾಲಿನಲ್ಲಿ ಊರಿ. ಮೊದಲ ವರ್ಷ ಸುತ್ತಲಿನ ಕಳೆ ಕೀಳಿ. ಆಮೇಲೆ ಅದರ ಪಾಡಿಗೆ ಅದು ಬೆಳೆಯುತ್ತದೆ. ಬದುವಿನ ಮಣ್ಣನ್ನು ಬೇರು ಹಿಡಿದು ನಿಲ್ಲಿಸುತ್ತದೆ.

ಒಣ ಹೂವು ಕೊಳ್ಳುವ ವ್ಯಾಪಾರಿ ಊರಿಗೆ ಬಂದರೆ ಒಬ್ಬೊಬ್ಬರೇ ಮಾರಬೇಡಿ. ಸಂಘದಲ್ಲಿ ಕೂಡಿ ಮಾರಿ. ಪೇಟೆಯಲ್ಲಿ ದರ ಎಷ್ಟಿದೆ ಎಂದು ಮೊದಲೇ ವಿಚಾರಿಸಿ. ನಿಮ್ಮ ತಕ್ಕಡಿಯಲ್ಲೇ ತೂಕ ಮಾಡಿ. ಪುಸ್ತಕದಲ್ಲಿ ನಾಲ್ಕು ಗೆರೆ ಎಳೆಯಿರಿ. ದಿನಾಂಕ, ತೂಕ, ದರ, ಬಂದ ಹಣ ಬರೆಯಿರಿ. ನೀವು ಕಲಿತ ಅಕ್ಷರ, ನೀವು ಕಲಿತ ಕೂಡುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ.

ಪಂಚಾಯಿತಿಗೂ ಹೋಗಿ. 2002ರಲ್ಲಿ ನಮ್ಮ ದೇಶದಲ್ಲಿ ಜೀವವೈವಿಧ್ಯ ಕಾಯಿದೆ ಬಂತು. ಅದರ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ ಮರ, ಪ್ರಾಣಿ ಪಕ್ಷಿ, ಅವುಗಳ ಬಗ್ಗೆ ಜನರಿಗೆ ಇರುವ ತಿಳಿವಳಿಕೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ದಾಖಲು ಮಾಡಬೇಕು. "ನಮ್ಮ ಊರಿನ ಪುಸ್ತಕ ತೋರಿಸಿ. ಅದರಲ್ಲಿ ತಂಗಡಿ ಇದೆಯಾ?" ಎಂದು ಕೇಳಿ. ಇಲ್ಲದಿದ್ದರೆ ಬರೆಸಿ.

ಯಾವ ಬದುವಿನಲ್ಲಿ ತಂಗಡಿ ಇದೆ, ಅದು ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಯಾವ ಸೊಪ್ಪಿಗೆ ಯಾವ ಗುಣ ಎಂಬುದು ಹೆಚ್ಚಾಗಿ ಗೊತ್ತಿರುವುದು ಹೆಂಗಸರಿಗೆ. ಅಜ್ಜಿ ಹೋದರೆ ಅಜ್ಜಿಯ ತಿಳಿವಳಿಕೆಯೂ ಹೋಗುತ್ತದೆ. ಬರೆದಿಟ್ಟರೆ ಉಳಿಯುತ್ತದೆ. ಈಗ ನಿಮಗೆ ಬರೆಯಲು ಬರುತ್ತದಲ್ಲ!

ಮಾತಾಡೋಣ, ಬರೆಯೋಣ

1. ನಿಮ್ಮ ಊರಲ್ಲಿ ತಂಗಡಿಗೆ ಏನೆಂದು ಹೆಸರು? ಆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.

2. ತಂಗಡಿಗೂ ದೊಡ್ಡ ತಗಚೆಗೂ ಇರುವ ಮೂರು ವ್ಯತ್ಯಾಸ ಹೇಳಿ. ಎರಡೂ ಗಿಡದ ಒಂದೊಂದು ಕೊಂಬೆ ತಂದು ಎಲೆ ಜೋಡಿ ಎಣಿಸಿ. ಆಮೇಲೆ ಕೈ ತೊಳೆಯಿರಿ.

3. ನಿಮ್ಮ ಊರಿನ ಗೋಮಾಳ ಎಷ್ಟು ಎಕರೆ ಇತ್ತು? ಈಗ ಎಷ್ಟು ಉಳಿದಿದೆ? ಯಾರನ್ನು ಕೇಳಿದರೆ ಗೊತ್ತಾಗುತ್ತದೆ?

4. ನಿಮ್ಮ ಮನೆಯ ಅಜ್ಜಿಗೆ ಗೊತ್ತಿರುವ ಐದು ಗಿಡಗಳ ಹೆಸರು, ಅವುಗಳ ಉಪಯೋಗ ಕೇಳಿ ಬರೆಯಿರಿ. ಮುಂದಿನ ವಾರ ಕಲಿಕೆ ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿ.